ಜಾಲಿ ಗಿಡಕ್ಕೆ ಮುಟ್ಟಿದ ಸುದ್ದಿ

ನಮ್ಮ ವೈನಿಯವರಿಗೆ ಕಲಬುರಗಿಗಿಂತ ಕಮಲಾಪುರದ ಕಾಡಿನಲ್ಲೇ ಬಳಗ ಹೆಚ್ಚು! ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಭಾನುವಾರ ಬಂತೆಂದರೆ ಕಲಬುರಗಿಯ ಜಗತ್ ವೃತ್ತದಲ್ಲಿ ಜನರನ್ನು ಕೂಡಿಸಿ, ಬಸ್ಸು ಹತ್ತಿಸಿ, ಗಿಡಗಳು ತಮ್ಮತಮ್ಮಲ್ಲಿ ಹೇಗೆ ಮಾತಾಡುತ್ತವೆಂದು ತೋರಿಸಲು ಕಾಡಿಗೆ ಕರೆದೊಯ್ಯುತ್ತಾರೆ. ಹೊಸಬರನ್ನು ಮೊದಲು ಒಂದು ಮುತ್ತುಗದ ಮರಕ್ಕೆ ಪರಿಚಯಿಸುತ್ತಾರೆ, ಊರು, ಕೆಲಸ ಎಲ್ಲ ಹೇಳಿ! ನಮ್ಮ ಮನೆಯಲ್ಲಿ ಬೀಗರಿಗೂ ಇಷ್ಟು ಮರ್ಯಾದೆ ಸಿಕ್ಕಿಲ್ಲ.

ಪಾಠ ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟಿಯ ಮುಂದೆಯೇ ಶುರು. "ಕಾಯಿ ನಡುವ ಒಂದು ಹಣ್ಣು ಇಟ್ರ ಸಾಕ್ರಿ. ಅದು ಬಿಡೋ ಗಾಳಿ ತಾಕಿ ಉಳಿದವೂ ಹಣ್ಣಾಗ್ತಾವ."

ಒಬ್ಬ ವಕೀಲರು ಕೇಳಿದರು: "ನನ್ನ ಮಗ ಇನ್ನೂ ಕಾಯಿನೇ ಅದಾನ್ರಿ ಮೇಡಂ. ಬಾಜೂಕ ಯಾರನ್ನ ಕೂಡಿಸಲಿ?"

"ಯಾರನ್ನಾದ್ರೂ ಕೂಡಸ್ರಿ. ನೀವು ಮಾತ್ರ ಕೂಡಬ್ಯಾಡ್ರಿ!"

ಕಾಡಿನಲ್ಲಿ ಎಲೆ ಕಿತ್ತಿರೋ, ಮುಗಿಯಿತು. "ಆಡು ಬಾಯಿ ಹಾಕಿದ್ರ ಜಾಲಿ ಸುಮ್ನಿರಂಗಿಲ್ರಿ. ವಾಸನಿ ಬಿಟ್ಟು ಬಾಜೂಕಿನ ಗಿಡಕ್ಕ ಹುಷಾರ್ ಅಂತದ. ಅವು ಎಲಿ ಕಹಿ ಮಾಡ್ಕೋತಾವ." ಹಲ್ಲುಜ್ಜಲು ಕಡ್ಡಿ ಮುರಿದ ಮಹನೀಯರೊಬ್ಬರಿಂದ ಜಾಲಿಗೆ ಕ್ಷಮೆ ಕೇಳಿಸಿದರು. ಅವರು ಕೈಮುಗಿದು ಕೇಳಿದರು ಕೂಡ! "ಇವರು ನಮ್ಮ ವೈನಿ" ಎಂದು ಪಕ್ಕದವರಿಗೆ ಹೇಳದೆ ಇರಲು ನನ್ನಿಂದಾಗಲಿಲ್ಲ.

ಹೀಗೆ ಎದೆಯುಬ್ಬಿಸುವವನು ಮಾಡಿದ್ದೇನು? ಕಳೆದ ಬೇಸಿಗೆಯಲ್ಲಿ, ಅವರು ಕಾಡಿಗೆ ಹೋಗಿದ್ದಾಗ, ಕಾರು ನಿಲ್ಲಿಸಲೆಂದು ಮನೆಯಂಗಳದ ಬೇವನ್ನು ಕಡಿಸಿಬಿಟ್ಟೆ. ಅಷ್ಟು ಸಾಲದೆಂಬಂತೆ, ಸಂಜೆ ಬಂದು ಬಾಗಿಲಲ್ಲೇ ನಿಂತುಬಿಟ್ಟವರಿಗೆ, "ನಿಮ್ಮ ಬೇವು ಕಮಲಾಪುರಕ್ಕ ಸುದ್ದಿ ಕಳಸಲಿಲ್ಲೇನ್ರಿ, ವೈನಿ?" ಎಂದು ನಕ್ಕೆ. ಮದುವೆಯಾಗಿ ಬಂದಂದಿನಿಂದ ನನ್ನನ್ನು 'ತಮ್ಮಾ' ಎನ್ನುತ್ತಿದ್ದವರು ಮಾತೇ ಬಂದ್ ಮಾಡಿದರು!

ಆ ಮಾತು ಮರಳಿ ಸಿಗಲೆಂದೇ ನೀರಿನ ಕ್ಯಾನು ಹೊತ್ತು ಗುಂಪಿನ ಹಿಂದೆ ನಡೆಯತೊಡಗಿದೆ. ವೈನಿ ಮರಕ್ಕೆ ಹೇಳುತ್ತಾರೆ: "ಹಿಂದಿನವರಿಗೆ ನೀರು ಕೊಡಂತ ಅವಂಗ ಹೇಳಪಾ." ನಾನೂ ಮರಕ್ಕೇ ಹೇಳುತ್ತೇನೆ: "ತಂದೇನಂತ ಹೇಳಪಾ." ಜನ ಇದನ್ನೂ ಪಾಠವೆಂದೇ ತಿಳಿದಿದ್ದಾರೆ!

ಮೊನ್ನೆ ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದೆ. ಮೊಣಕಾಲು ಏಳಗೊಡಲಿಲ್ಲ. ಮುಂದಿದ್ದ ವೈನಿ ತಿರುಗಿ ಬಂದರು. ಒಂದು ಎಲೆಯನ್ನೂ ಕೀಳಗೊಡದವರು, ಜಾಲಿಯ ಹಸಿ ಕೊಂಬೆಯೊಂದನ್ನು ಎರಡೂ ಕೈಯಿಂದ ಜಗ್ಗಿ ಮುರಿದರು. ಜನ ದಂಗಾದರು.

"ವೈನಿ, ಗಿಡಗಳಿಗೆಲ್ಲ ಸುದ್ದಿ ಹಬ್ತದ್ರಿ!" ಎಂದೆ.

"ಹಬ್ಬಲಿ ಬಿಡು, ತಮ್ಮಾ." ಬೆರಳಿಗೆ ರಕ್ತ ಬಂದರೂ ಮುಳ್ಳು ಬಿಡಿಸುತ್ತಲೇ ಇದ್ದರು. "ನಮ್ಮ ಮನಿಯವ ಬಿದ್ದಾನಂತ ಗೊತ್ತಾಗಲಿ. ತಗೋ, ಇದನ್ನ ಊರಿ ನಿಧಾನಕ್ಕ ಏಳು."