ಹೆಂಡತಿಯ ಸೀಟು ತಪ್ಪಿಸಿದ ದಳ್ಳಾಳಿ

ಹೆಂಡತಿ ತವರಿಗೆ ಹೋಗುತ್ತೇನೆ ಅಂದರೆ ಗಂಡನಾದವನು ಏನು ಮಾಡಬೇಕು ಅನ್ನುವುದು ನಂಜನಗೂಡು ಸೀಮೆಯ ಗಂಡಸರಿಗೆಲ್ಲ ಗೊತ್ತು. ಎರಡು ದಿನ ಬಿಗುಮಾನದಿಂದ ಸುಮ್ಮನಿದ್ದು, ಮೂರನೆಯ ದಿನ ಬೈಕು ಹತ್ತಿ ಹೋಗಿ, ಮಾವನ ಮನೆಯಲ್ಲಿ ಕೋಳಿ ಸಾರು ಉಂಡು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬರಬೇಕು. ಆದರೆ ಹೆಂಡತಿ ಬೆಂಗಳೂರಿನ ಯೂನಿವರ್ಸಿಟಿಗೆ ಹೋಗುತ್ತೇನೆ ಅಂದರೆ ಏನು ಮಾಡಬೇಕು? ಇದನ್ನು ಚೆಲುವರಾಜನಿಗೆ ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ. (ಹಿರಿಯರ ಹೆಂಡಿರು ಯೂನಿವರ್ಸಿಟಿ ಇರಲಿ, ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರೇ ಇಳಿದವರೂ ಅಲ್ಲ.)

ಚೆಲುವರಾಜು ಹೆಮ್ಮರಗಾಲದ ಕಡೆಯ ಮಾದಯ್ಯನಕೊಪ್ಪಲಿನವನು. ದನದ ದಳ್ಳಾಳಿ. ಸಂತೆಯಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದರಲ್ಲಿ ಅವನನ್ನು ಮೀರಿಸುವವರು ಹೋಬಳಿಯಲ್ಲೇ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹಾಗಿದ್ದವನು ಮನೆಯಲ್ಲಿ ಮಾತ್ರ ಯಾವ ವ್ಯಾಪಾರದಲ್ಲೂ ಗೆದ್ದವನಲ್ಲ.

ತಪ್ಪು ಶುರುವಾದದ್ದು ಅವನ ಬಾಯಿಂದಲೇ. ಮಗಳು ಶೃತಿಯನ್ನು ಸುತ್ತೂರಿನ ಹಾಸ್ಟೆಲ್ಲಿಗೆ ಬಿಟ್ಟುಬಂದ ಮೇಲೆ ಹೆಂಡತಿ ರಾಣಿ, "ಮನೇಲಿ ಬೇಜಾರು ಕಣ್ರೀ" ಅಂದಳು. ಮದುವೆಗೆ ಮುಂಚೆ ತಿ. ನರಸೀಪುರದಲ್ಲಿ ಪಿಯುಸಿ ಮುಗಿಸಿದ್ದವಳು. "ಬೇಜಾರಾದ್ರೆ ಕಾಲೇಜಿಗೋಗು" ಅಂದ ಇವನು, ತಮಾಷೆಗೆ. ಆ ತಮಾಷೆಯನ್ನು ರಾಣಿ ಮಾರನೆಯ ದಿನವೇ ನಂಜನಗೂಡಿಗೆ ಕರೆದುಕೊಂಡು ಹೋಗಿ ಬಿ.ಎ.ಗೆ ಸೇರಿಸಿಬಿಟ್ಟಳು. ಬೆಳಗ್ಗೆ ಮುದ್ದೆ ಮಾಡಿಟ್ಟು ಬಸ್ಸು ಹತ್ತುವುದು, ಸಂಜೆ ಬಂದು ಹಾಲು ಕರೆಯುವುದು, ನಡುವೆ ಮಗಳ ವಯಸ್ಸಿನ ಹುಡುಗಿಯರ ಜೊತೆ ಕೂತು ಪಾಠ ಕೇಳುವುದು. ವರ್ಷದ ಕೊನೆಗೆ ಇಡೀ ಕಾಲೇಜಿಗೇ ಮೊದಲು ಬಂದಳು. ಚೆಲುವರಾಜು ಸಂತೆಯಲ್ಲಿ ಎಲ್ಲರಿಗೂ ಟೀ ಕುಡಿಸಿದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಒಂದು ಸಂಜೆ ಅವನು ಉಣ್ಣುತ್ತಿದ್ದಾಗ ರಾಣಿ ಇನ್ನೊಂದು ಸೌಟು ಸೊಪ್ಪಿನ ಸಾರು ಬಿಟ್ಟಳು. ಕೇಳದೆಯೇ ಸಾರು ಬಿದ್ದರೆ ಹಿಂದೆಯೇ ಅಹವಾಲು ಬರುತ್ತದೆ ಎಂದು ಗಂಡಂದಿರು ತಿಳಿಯಬೇಕು.

"ರೀ, ಬೆಂಗಳೂರಲ್ಲಿ ಒಂದು ದೊಡ್ಡ ಯೂನಿವರ್ಸಿಟಿ ಇದೆಯಂತೆ. ಎರಡನೇ ವರ್ಷಕ್ಕೆ ಬೇರೆ ಕಾಲೇಜಿನವರನ್ನೂ ತಗೋತಾರಂತೆ. ಗ್ರಾಮಾಡಳಿತ ಅಂತ ಕೋರ್ಸು. ಹಾಸ್ಟೆಲ್ಲು, ಊಟ ಎಲ್ಲಾ ಅವರದೇ."

ಚೆಲುವರಾಜನ ಗಂಟಲಲ್ಲಿ ಮುದ್ದೆ ನಿಂತಿತು.

"ಆದ್ರೆ ಸಿಗೋದು ಕಷ್ಟ. ಇಡೀ ರಾಜ್ಯಕ್ಕೆ ಆರೇ ಸೀಟು."

ಮುದ್ದೆ ಸಲೀಸಾಗಿ ಇಳಿಯಿತು. "ಅರ್ಜಿ ಆಕು, ಆಕು! ನಾನ್ಯಾಕ್ ಬ್ಯಾಡ ಅನ್ಲಿ? ಓದೋರ್ಗೆ ಅಡ್ಡ ಬರೋ ಜಾತಿಯಲ್ಲ ಕಣಮ್ಮಿ ನಾನು" ಅಂದ. ಅಂದದ್ದು ಸಾಲದೆ ಮರುದಿನ ಸಂತೆಯಲ್ಲೂ ಅಂದ. ರಾಜ್ಯದ ಆರು ಸೀಟುಗಳನ್ನು ನಂಬಿಕೊಂಡು ಮನುಷ್ಯ ಎಷ್ಟು ಬೇಕಾದರೂ ಉದಾರಿಯಾಗಬಹುದು.

ಆಮೇಲೆ ಒಂದು ದಿನ ರಾಣಿ ಕೊಟ್ಟಿಗೆಗೇ ಓಡಿಬಂದಳು. ನೂರಾರು ಅರ್ಜಿಗಳಲ್ಲಿ ಹತ್ತಿಪ್ಪತ್ತು ಜನರನ್ನು ಮಾತ್ರ ಆರಿಸಿದ್ದರಂತೆ. ಅದರಲ್ಲಿ ಅವಳೂ ಒಬ್ಬಳು. ಗುರುವಾರ ಫೋನಿನಲ್ಲಿ ಸಂದರ್ಶನ.

ಮುದ್ದೆ ಯಾರು ಮಾಡುತ್ತಾರೆ ಅನ್ನುವುದು ಚೆಲುವರಾಜನ ಮೊದಲ ಚಿಂತೆ. ಮನೆಯಲ್ಲಿದ್ದ ತಾಯಿಗೆ ಮಂಡಿ ನೋವು, ಅವನಿಗೆ ಒಂದು ಲೋಟ ಕಾಫಿ ಕಾಯಿಸಿಕೊಳ್ಳಲೂ ಬರುತ್ತಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಬೆಳಗ್ಗೆ ಎದ್ದರೆ ಅವನಿಗೆ ಬೈಯಲು ಯಾರೂ ಇರುವುದಿಲ್ಲ. ಟವೆಲ್ಲು ಎಲ್ಲಿ ಬಿಸಾಕಿದಿರಿ ಎಂದು ಕೇಳುವವರಿಲ್ಲ, ಸಂತೆಯಲ್ಲಿ ನಡೆದದ್ದನ್ನು ಹೇಳಿದರೆ "ಸುಳ್ಳು" ಎಂದು ತಿರುಗಿ ಅನ್ನುವವರಿಲ್ಲ. ಅಂಥ ಮನೆಗೆ ಸಂತೆಯಿಂದ ವಾಪಸು ಬರುವುದೇ ಅವನಿಗೆ ಬೇಡವೆನಿಸಿತು. ಇದನ್ನು ಹೆಂಡತಿಯ ಮುಂದೆ ಹೇಳಿಬಿಟ್ಟರೆ ಮುಗಿಯಿತಲ್ಲ ಅಂತೀರಾ? ಹೇಳಬಹುದಾಗಿತ್ತು. ಆದರೆ ದನದ ದಳ್ಳಾಳಿಗೆ ಅಷ್ಟು ನೇರವಾಗಿ ಮಾತಾಡಿ ಅಭ್ಯಾಸವೇ ಇರಲಿಲ್ಲ.

ತಾಯಿ ಶಿವನಂಜಮ್ಮನ ಹತ್ತಿರ ಹೋದ. "ಅವ್ವ, ನೀನಾರ ಬ್ಯಾಡ ಅನ್ನು."

ಶಿವನಂಜಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ನಾನ್ಯಾಕ್ಲಾ ಅನ್ಲಿ? ಆಕು ಆಕು ಅಂತ ಸಂತೇಲೆಲ್ಲ ಡಂಗುರ ಸಾರ್ದೋನು ನೀನು. ಗಂಡ್ಸಾದ್ರೆ ನೀನೇ ಅನ್ನು."

"ಯಾಕೆ ಅಂತ ಕೇಳ್ತಾಳಲ್ಲವ್ವ!"

"ಕೇಳೇ ಕೇಳ್ತಾಳೆ. ಬಾಯಿ ಅದೆ, ಕೇಳ್ತಾಳೆ."

ರಾಣಿಯ 'ಯಾಕೆ'ಗೆ ಉತ್ತರ ಹೇಳಿ ಗೆದ್ದವರು ಊರಿನಲ್ಲಿ ಯಾರೂ ಇರಲಿಲ್ಲ. ಚೆಲುವರಾಜು ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬಂದ.

ಗುರುವಾರ ಬಂತು. ರಾಣಿ ರೇಷ್ಮೆ ಅಂಚಿನ ಸೀರೆಯುಟ್ಟು (ಫೋನಿನಲ್ಲಿ ಕಾಣುವುದಿಲ್ಲ ಎಂದರೂ ಕೇಳಲಿಲ್ಲ) ನಡುಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದಳು. ಕಾಲೇಜಿಗೆ ಸೇರಿದ ಮೇಲೆ ಅವಳ ಮಾತಿನೊಳಗೆ ಹಕಾರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತಿದ್ದವು. ಹೊರಗೆ ಜಗಲಿಯ ಮೇಲೆ ಗಂಡನಾದವನು ಉಗುರು ಕಚ್ಚುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳು ಬಾಗಿಲು ತೆಗೆದು ಫೋನನ್ನು ಅವನತ್ತ ಚಾಚಿದಳು.

"ನಿಮ್ಮ ಜೊತೆಗೂ ಮಾತಾಡಬೇಕಂತೆ. ಮದುವೆಯಾದೋರು ಅರ್ಧಕ್ಕೇ ಬಿಟ್ಟು ಹೋಗ್ತಾರಂತೆ, ಅದಕ್ಕೇ ಮನೆಯವರನ್ನೂ ವಿಚಾರಿಸ್ತಾರಂತೆ. ನಾನಿದ್ರೆ ನಿಮ್ಮ ಬಾಯಿ ಕಟ್ಟುತ್ತೆ, ಪಕ್ಕದ ಮನೆಗೆ ಹೋಗಿರ್ತೀನಿ. ಎಡವಟ್ಟು ಮಾತಾಡಬೇಡಿ!"

ಚೆಲುವರಾಜನ ಕೈಗೆ ಅಮೃತ ಸಿಕ್ಕಂತಾಯಿತು.

ಇಲ್ಲಿ ದನದ ವ್ಯಾಪಾರದ ಒಂದು ರಹಸ್ಯ ಹೇಳಬೇಕು. ಕೊಡಲು ಮನಸ್ಸಿಲ್ಲದ ಹಸುವನ್ನು ಯಾರಾದರೂ ಕೇಳಿಕೊಂಡು ಮನೆ ಬಾಗಿಲಿಗೆ ಬಂದರೆ 'ಕೊಡೋದಿಲ್ಲ' ಅನ್ನಬಾರದು. ಹಾಗಂದರೆ ಕೊಟ್ಟಿಗೆಗೆ ಶ್ರೇಯಸ್ಸಲ್ಲ ಎಂದು ಚೆಲುವರಾಜನ ಕಡೆಯವರ ನಂಬಿಕೆ. ಸುಳ್ಳೂ ಹೇಳಬಾರದು. ಹಸುವಿನಲ್ಲಿ ಇರುವ ಐಬುಗಳನ್ನೇ ಒಂದೊಂದಾಗಿ, ಬಹಳ ವಿನಯದಿಂದ ಹೇಳುತ್ತಾ ಹೋಗಬೇಕು. ಒದೆಯುತ್ತೆ ಅನ್ನಬೇಕು, ಹಗ್ಗ ಕಡಿಯುತ್ತೆ ಅನ್ನಬೇಕು. ಕೊನೆಗೆ 'ಅಷ್ಟಾದ್ರೂ ಬೇಕು ಅಂದ್ರೆ ಧಾರಾಳವಾಗಿ ಹೊಡ್ಕೊಂಡು ಹೋಗಿ' ಅನ್ನಬೇಕು. ಬಂದವನು ಮಜ್ಜಿಗೆ ಕುಡಿದು, ಕೈಮುಗಿದು, ತಾನೇ ಜಾರಿಕೊಳ್ಳುತ್ತಾನೆ. ಈ ವಿದ್ಯೆ ಚೆಲುವರಾಜನಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಫೋನು ಹಿಡಿದು ಅಭ್ಯಾಸಬಲದಿಂದ ಕೊಟ್ಟಿಗೆಗೇ ಹೋಗಿ ನಿಂತ.

"ನಮಸ್ಕಾರ ಚೆಲುವರಾಜು ಅವರೇ" ಎಂದು ಒಂದು ಹೆಣ್ಣುದನಿ ಬಂತು. ಆ ವಿಭಾಗದ ಮುಖ್ಯಸ್ಥೆಯಂತೆ. "ರಾಣಿ ಅವರ ಬಗ್ಗೆ ನೀವೇ ಸ್ವಲ್ಪ ಹೇಳಿ."

"ಏನೇಳ್ಲಿ ಮೇಡಮ್ಮೋರೇ. ಒಳ್ಳೇವ್ಳು. ಆದ್ರೆ ಮುಚ್ಚುಮರೆ ಮಾಡಬಾರ್ದು ನೋಡಿ, ಇರೋದ್ ಏಳ್ಬುಡ್ತೀನಿ. ವಸಿ ಜೋರು."

"ಜೋರು ಅಂದ್ರೆ?"

"ರೇಸನ್ ಅಂಗಡೀಲಿ ಅಕ್ಕಿ ಕಮ್ಮಿ ಕಾಣ್ತದೆ ಅಂತ, ಒಂದ್ ಕೇಜಿ ಉಪ್ಪಿನ ಪಾಕೀಟು ತಕ್ಕೊಂಡೋಗಿ ಅವನ ತಕ್ಕಡಿ ಮೇಲೆ ಮಡಗವ್ಳೆ. ಇದ್ ಎಷ್ಟ್ ತೋರುಸ್ತದೆ ಏಳಪ್ಪ ಅಂದವ್ಳೆ. ಇಡೀ ಕ್ಯೂ ನಿಂತೋಯ್ತು ಮೇಡಮ್. ಅವನು ಇವತ್ಗೂ ಇವ್ಳ್ನ ಕಂಡ್ರೆ ಎದ್ ನಿಂತ್ಕೋತಾನೆ."

ಆ ಕಡೆ ಕಾಗದ ಸರಬರ ಅಂದಿತು. ಹೆದರಿದರು ಎಂದುಕೊಂಡ ಚೆಲುವರಾಜು.

"ಆಮೇಲೆ?" ಅಂದರು ಮೇಡಮ್ಮು.

"ಗ್ರಾಮಸಭೇಲಿ ಎಲ್ರೂ ಟೀ ಕುಡ್ದು ಸೈನ್ ಆಕಿ ಎದ್ದೋಯ್ತಾರೆ. ಇವ್ಳು ಕೂತ್ಕಂಡ್ ಓದ್ತಾಳೆ. ಓದ್ಬುಟ್ಟು, ಇದ್ರಲ್ ಬರ್ದಿರೋ ಚರಂಡಿ ನಮ್ ಬೀದೀಲಿ ಎಲ್ಲದೆ ತೋರ್ಸಿ ಅಂತಾಳೆ. ಪಂಚಾಯ್ತಿಯೋರು ಅವ್ಳ ಇಂದೆ ಚರಂಡಿ ಉಡಿಕ್ಕೊಂಡು ಮಧ್ಯಾನಗಂಟ ಬೀದಿ ಬೀದಿ ಸುತ್ತವ್ರೆ. ಸಿಗ್ನಿಲ್ಲ ಮೇಡಮ್. ಆಮ್ಯಾಕೆ ನಾಚ್ಕಂಡು ಅವ್ರೇ ಒಂದ್ ಚರಂಡಿ ಕಟ್ಟುದ್ರು."

"ಅಯ್ಯೋ!" ಅಂದರು ಮೇಡಮ್ಮು. ಪಕ್ಕದಲ್ಲಿ ಇನ್ಯಾರೋ ಗಂಡಸರು ಕೆಮ್ಮಿದ್ದು ಕೇಳಿಸಿತು. ಹಸು ಅಂಬಾ ಅಂದಿತು. ಚೆಲುವರಾಜನಿಗೆ ಹುರುಪು ಬಂತು.

"ಒಂದ್ ಕಡೆ ಕಟ್ಟಾಕುದ್ರೆ ನಿಲ್ಲಾಕಿಲ್ಲ. ಗೂಟ ಕಿತ್ತಾಕ್ಬುಡ್ತಾಳೆ" ಅಂದವನು, ಇದು ಹಸುವಿನ ಸಾಲು ಎಂದು ಹೊಳೆದು ನಾಲಿಗೆ ಕಚ್ಚಿಕೊಂಡ. "ಅಂದ್ರೆ, ಒಂದ್ ವಿಸ್ಯ ಇಡುದ್ರೆ ಬುಡಾಕಿಲ್ಲ ಅಂತ. ದೊಡ್ಡೋರು, ಸಣ್ಣೋರು ಅಂತ ನೋಡಾಕಿಲ್ಲ. ನಾಳೆ ನಿಮ್ಮನ್ನೂ ಕೇಳ್ತಾಳೆ, ಯಾಕೆ ಇಂಗೆ, ಯಾಕೆ ಅಂಗೆ ಅಂತ. ನಿಮ್ಗ್ಯಾಕ್ ತಲೆನೋವು?"

"ನಿಮ್ಮ ಜೊತೆಗೂ ಜಗಳ ಆಡ್ತಾರಾ?"

"ದಿನಾ. ಜ್ವರ ಬಂದ್ರೂ ತಪ್ಸಿಲ್ಲ."

"ಯಾರು ಗೆಲ್ತಾರೆ?"

"ನಾನ್ ಗೆದ್ದಿದ್ರೆ ಇವತ್ತು ನೀವು ನನ್ ಜೊತೇಲಿ ಮಾತಾಡ್ತಿದ್ರಾ ಮೇಡಮ್?"

ಮೇಡಮ್ಮು ಗಂಟಲು ಸರಿಮಾಡಿಕೊಂಡರು. "ಇಷ್ಟೆಲ್ಲ ಇದ್ದೂ ನೀವು ಅವರನ್ನ ಕಳಿಸಿಕೊಡೋದಕ್ಕೆ ಸಿದ್ಧ ಇದ್ದೀರಾ?"

ಚೆಲುವರಾಜು ಎದೆಯುಬ್ಬಿಸಿ ಕೊನೆಯ ಅಸ್ತ್ರ ಬಿಟ್ಟ. "ಕೇಳ್ಕಂಡ್ ಬಂದೋರ್ಗೆ ಇಲ್ಲ ಅಂದೇನಾ? ನಂದೇನೂ ಅಡ್ಡಿಯಿಲ್ಲ. ಅಷ್ಟಾದ್ರೂ ಬೇಕು ಅಂದ್ರೆ ಧಾರಾಳ್ವಾಗಿ ಕರ್ಕೊಂಡೋಗಿ. ಆಮ್ಯಾಕೆ ನನ್ನ ಬೈಬ್ಯಾಡಿ, ಅಷ್ಟೇಯ."

ಫೋನು ಇಟ್ಟು ಹಸುವಿನ ಬೆನ್ನು ತಟ್ಟಿದ. ವ್ಯಾಪಾರ ಮುರಿದುಬಿತ್ತು. ಹೆಂಡತಿ ಮನೆಯಲ್ಲೇ ಉಳಿದಳು. ಆ ಸಂಜೆ ಎರಡು ಮುದ್ದೆ ಉಂಡು, ಮೇಲೆ ಅರ್ಧ ಹಾಕಿಸಿಕೊಂಡ. ರಾಣಿ ಏನೋ ಯೋಚನೆಯಲ್ಲಿದ್ದಳು. ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ, "ಇರೋದ್ನ ಇದ್ದಂಗೆ ಏಳ್ದೆ" ಅಂದ. ಅದು ಪೂರ್ತಿ ನಿಜವಾಗಿತ್ತು.

ಒಂದು ವಾರ ಕಳೆಯಿತು. ಚೆಲುವರಾಜು ಚಿಕ್ಕಯ್ಯನಛತ್ರದ ಕಡೆ ಒಂದು ಜೊತೆ ಎತ್ತು ನೋಡಿಕೊಂಡು ಮನೆಗೆ ಬಂದರೆ ಅಂಗಳದ ತುಂಬ ಹೆಂಗಸರು. ಪಕ್ಕದ ಮನೆಯ ಪುಟ್ಟಮಾದಮ್ಮ ಅವನನ್ನು ಕಂಡವಳೇ ಎರಡೂ ಕೈಯಿಂದ ನಿವಾಳಿಸಿ ನೆಟಿಕೆ ಮುರಿದಳು. "ಗಂಡ ಅಂದ್ರೆ ನೀನ್ ಕಣಪ್ಪ ಗಂಡ! ನಮ್ಮನೇಲೂ ಒಂದದೆ, ಬಾಯ್ ಬಿಟ್ರೆ ಬೀಡಿ ಒಗೆ ಬತ್ತದೆ, ಒಂದ್ ಒಳ್ಳೆ ಮಾತ್ ಬರಾಕಿಲ್ಲ!"

ಏನು ಎತ್ತ ತಿಳಿಯದೆ ಚೆಲುವರಾಜು ಒಳಗೆ ಹೋದ. ರಾಣಿ ನಡುಮನೆಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಮದುವೆಯ ದಿನ ಕೂಡ ಅಳದಿದ್ದ ಹೆಂಗಸು. (ಅವತ್ತು ಪುರೋಹಿತರ ಜೊತೆ ಏನೋ ವಾದ ನಡೆದಿತ್ತು, ಅಳಲು ಪುರಸೊತ್ತಾಗಲಿಲ್ಲ.)

"ಸೀಟು ಸಿಕ್ತು ಕಣ್ರೀ. ಆ ಮೇಡಮ್ಮೇ ಫೋನ್ ಮಾಡಿದ್ರು. ಏನಂದ್ರು ಗೊತ್ತಾ? 'ಎಲ್ಲಾ ಗಂಡಂದಿರೂ ನಮ್ಮ ಮನೆಯವರು ಸಾಧು, ತಲೆ ಎತ್ತಿ ಮಾತಾಡಲ್ಲ ಅಂತಾರೆ. ತಲೆ ಎತ್ತಿ ಮಾತಾಡಲ್ಲ ಅಂದ್ರೆ ಅವರನ್ನ ತಗೊಂಡು ನಾವು ಹಳ್ಳಿ ಆಡಳಿತ ಏನು ಕಲಿಸೋದು? ನಿಮ್ಮ ಯಜಮಾನರ ಮಾತು ಕೇಳಿದ ಮೇಲೆ ಮೊದಲನೇ ಹೆಸರು ನಿಮ್ಮದೇ ಬರೆದ್ವಿ' ಅಂದ್ರು."

ಚೆಲುವರಾಜು ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

"ಉಪ್ಪಿನ ಪಾಕೀಟಿನ ವಿಷಯ ಹೇಳಿದ್ರಂತೆ. ಚರಂಡೀದು ಹೇಳಿದ್ರಂತೆ. ಆವಾಗೆಲ್ಲ ನನಗೆ ಬೈದ್ರಲ್ಲ, 'ಮಾನ ಕಳೀತೀಯ' ಅಂತ. ಒಳಗೊಳಗೇ ಇಷ್ಟು ಹೆಮ್ಮೆ ಪಡ್ತಿದ್ರಾ?"

ಚೆಲುವರಾಜು ಬಾಯಿ ತೆರೆದ. ಇಲ್ಲ ಅಂದರೆ ಅದು ಸುಳ್ಳಾಗುತ್ತಿತ್ತು. ಏಕೆಂದರೆ, ಈಗ ಅವಳ ಬಾಯಿಂದ ಕೇಳಿದಾಗ, ಪಂಚಾಯಿತಿಯವರೆಲ್ಲ ಅವಳ ಹಿಂದೆ ಸಾಲಾಗಿ ನಡೆದ ಆ ಮಧ್ಯಾಹ್ನ ತಾನು ಮರದ ಮರೆಯಲ್ಲಿ ನಿಂತು ನಕ್ಕದ್ದು ನೆನಪಾಯಿತು. ಹೆಮ್ಮೆಯೂ ಆಗಿತ್ತು. ಹಾಳಾದ್ದು, ಆಗಿತ್ತು! "ಊಂ" ಅಂದ.

"ಒಂದು ಮಾತು ಹೇಳ್ಲಾ? ಬೈಬಾರದು."

"ಏಳು."

"ಇಂಟರ್‌ವ್ಯೂ ದಿನ ಬೆಳಗ್ಗೆನೇ ನಾನು ಹೋಗೋದು ಬೇಡ ಅಂತ ತೀರ್ಮಾನ ಮಾಡ್ಬಿಟ್ಟಿದ್ದೆ. ನೂರಾರು ಜನರಲ್ಲಿ ಆರಿಸಿದೋರ ಪೈಕಿ ನಾನೂ ಒಬ್ಬಳು ಅನ್ನಿಸಿಕೊಂಡಿದ್ದೇ ನನಗೆ ಸಾಕಾಗಿತ್ತು. ಅತ್ತೆಗೆ ಮಂಡಿ ನೋವು, ನಿಮಗೆ ಕೈಯಿದ್ದೂ ಇಲ್ಲ. ಸೀಟು ಸಿಕ್ಕಿದ್ರೂ ಬರಲ್ಲ ಅಂತ ಹೇಳೋಣ ಅಂತಿದ್ದೆ. ಆದ್ರೆ ನೀವು ನನಗೋಸ್ಕರ ಅಷ್ಟೊಂದು ಮಾತಾಡಿದ್ಮೇಲೆ, ಹೋಗದೇ ಇದ್ರೆ ನಾನು ಮನುಷ್ಯಳಾ?"

ಚೆಲುವರಾಜು ಮೆಲ್ಲಗೆ ಕೆಳಗೆ ಕೂತ. "ಅಂಗಾದ್ರೆ ಅವತ್ತು ನಾನು ಸುಮ್ಕೆ ಇದ್ದಿದ್ರೆ?"

"ಸುಮ್ನೆ ಇದ್ದಿದ್ರೆ ಇಲ್ಲೇ ಇರ್ತಿದ್ದೆ" ಅಂದಳು ರಾಣಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಸೋಮವಾರ ಸೇರಬೇಕಂತೆ."

ಶಿವನಂಜಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗನ ಮುಖವನ್ನು ಒಂದು ಸಲ ನೋಡಿದಳು. ಸೀದಾ ಅಡುಗೆಮನೆಗೆ ಹೋಗಿ, ಮುದ್ದೆ ತಿರುವುವ ಹಿಟ್ಟಿನ ಕೋಲು ತಂದು ಅವನ ಕೈಗೆ ಕೊಟ್ಟಳು.

"ಎಸರು ಕುದೀತಾ ಅದೆ. ಏಳ್ಲಾ ಮ್ಯಾಕೆ" ಅಂದಳು.