ಹಗೇವಿನಿಂದ ಬಂದ ಹೂಂ

ಕುಷ್ಟಗಿಯ ನಮ್ಮ ಓಣಿಯ ಮಂದಿ ನನ್ನನ್ನೂ ನನ್ನ ಹೆಂಡತಿ ದ್ರಾಕ್ಷಾಯಿಣಿಯನ್ನೂ ಕುರಿತು ಒಂದು ಮಾತು ಆಡುತ್ತಿದ್ದರು: "ವಿರುಪಾಕ್ಷಿ ಸಿನಿಮಾ ನೋಡಿ ಬಂದ್ರ ಟಾಕೀಸಿನವಗ ಲುಕ್ಸಾನು. ಅವನ ಹೇಂತಿ ನೋಡಿ ಬಂದ್ರ ಟಾಕೀಸಿಗೇ ಕೀಲಿ!"

ಸುಳ್ಳಲ್ಲ. ನಾನು ಸಿನಿಮಾ ನೋಡಿ ಬಂದು ಮನೆ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತು ಬಾಯಿ ತೆಗೆದೆನೆಂದರೆ, ಕೇಳಿದವರು ಮತ್ತೆ ಟಿಕೀಟು ತೆಗೆಸುವ ಪ್ರಶ್ನೆಯೇ ಇರಲಿಲ್ಲ. ಹೀರೋ ಎಲ್ಲಿ ಅತ್ತ, ನಾನು ಎಲ್ಲಿ ಅತ್ತೆ, ಪಕ್ಕದ ಕುರ್ಚಿಯವನು ಎಲ್ಲಿ ಗೊರಕೆ ಹೊಡೆದ, ಎಲ್ಲವೂ ಬರುತ್ತಿತ್ತು. ಸಿನಿಮಾಕ್ಕಿಂತ ನನ್ನ ವರ್ಣನೆಯೇ ಉದ್ದ! ದ್ರಾಕ್ಷಾಯಿಣಿಯ ಪದ್ಧತಿ ಬೇರೆ. ಅದೇ ಸಿನಿಮಾ ನೋಡಿ ಬಂದು, "ಅವ ಸಾಯ್ತಾನ. ಅಕಿ ಅಳ್ತಾಳ. ಇಂಟ್ರವಲ್‌ನ್ಯಾಗ ಮಿರ್ಚಿ ಛಲೋ ಇದ್ದವು" ಎಂದು ಹೇಳಿ ರೊಟ್ಟಿ ಬಡಿಯಲು ಕೂರುತ್ತಿದ್ದಳು.

ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ಸೀರೆಯ ಮಡಿಕೆ ಬಿಡಿಸಿ ತೋರಿಸುವುದು ನನ್ನ ಹೊಟ್ಟೆಪಾಡು. ಸಂಜೆ ಕಟ್ಟೆಯ ಮೇಲೆ ಕತೆಯ ಮಡಿಕೆ ಬಿಡಿಸುವುದು ನನ್ನ ಸಾಮ್ರಾಜ್ಯ. ಕತೆ ಹೇಳುವುದನ್ನು ಕಲಿಸಿದವಳು ನಮ್ಮಜ್ಜಿ. ಅವಳ ಕಟ್ಟಳೆ ಎರಡು. ಕತೆಯನ್ನು ದೂರದ ರಾಜ್ಯದಲ್ಲಿ ಬಿಡಬಾರದು, ಕೇಳುವವರ ಮನೆಗೇ ಎಳೆದು ತರಬೇಕು. ಮತ್ತೆ, ಕೇಳುವವರಲ್ಲಿ ಒಬ್ಬರು ಮಾತು ಮಾತಿಗೆ "ಹೂಂ" ಅನ್ನುತ್ತಿರಬೇಕು. ಹೂಂ ನಿಂತರೆ ಕತೆ ನಿಲ್ಲಬೇಕು. ಹೂಂ ಬರುತ್ತಿರುವಾಗ ಹೇಳುವವನು ಬಾಯಿ ಮುಚ್ಚುವಂತಿಲ್ಲ. ಹೀಗಾಗಿ ಪರದೆಯ ಮೇಲಿನ ಸಮುದ್ರ ನನ್ನ ಬಾಯಲ್ಲಿ ನಮ್ಮೂರ ಕೆರೆಯಾಗುತ್ತಿತ್ತು. ಪೊಲೀಸ್ ಕಮಿಷನರ್ ನಮ್ಮ ಅಂದಪ್ಪನ ಹೋಟೆಲಿನಲ್ಲೇ ಚಹಾ ಕುಡಿಯುತ್ತಿದ್ದ.

ಇಂಥ ಸುಖದ ನಡುವೆ ಒಂದು ದಿನ ಮನೆಯ ಮಾಲೀಕ ಕುಬೇರಪ್ಪ ಕೊಪ್ಪಳದಿಂದ ಫೋನು ಮಾಡಿದರು. "ವಿರುಪಾಕ್ಷಿ, ಮನಿ ಮಾರಾಕತ್ತೀನಿ. ಐತವಾರ ಹೈದರಸಾಬ ಅಂತ ಒಬ್ರು ನೋಡಾಕ ಬರ್ತಾರ. ಛಲೋತ್ನಂಗ ತೋರ್ಸು."

ನನ್ನ ಎದೆ ಒಡೆಯಿತು. ಮನೆ ಹೋದರೆ ಕಟ್ಟೆ ಹೋಯಿತು, ಕಟ್ಟೆ ಹೋದರೆ ನನ್ನ ಟಾಕೀಸು ಹೋಯಿತು! ದ್ರಾಕ್ಷಾಯಿಣಿಗೆ ಬಾಗಿಲ ಮುಂದಿನ ನಳದ ಚಿಂತೆ. "ಇನ್ನ ಎಲ್ಲಿ ಕೊಡ ಹಿಡಕೊಂಡು ನಿಂದರಬೇಕೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಎದ್ದು ನಿಂತು ಮೀಸೆ ತಿರುವಿದೆ. "ಅಳಬ್ಯಾಡ. ಒಂದ ಒಂದು ದೆವ್ವದ ಸಿನಿಮಾ ಹೇಳ್ತೀನಿ. ಆ ಹೈದರಸಾಬ ಚಪ್ಪಲಿ ಬಿಟ್ಟು ಓಡಬೇಕು!"

"ದೆವ್ವದ ಸಿನಿಮಾ? ನೀವು? ಹಲ್ಲಿ ಬಿದ್ರ ನನ್ನ ಕರೀತೀರಿ."

"ಹಲ್ಲಿ ಬ್ಯಾರೆ, ಕಲೆ ಬ್ಯಾರೆ!"

ಕಲೆಗಾಗಿ ಗಂಗಾವತಿಯ ಬಸ್ಸು ಹತ್ತಿದೆ. ಅಲ್ಲಿ ಒಂದು ತೆಲುಗು ದೆವ್ವದ ಸಿನಿಮಾ ನಡೆದಿತ್ತು. ಅದರ ಬಗ್ಗೆ ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದರೆ, ಶಬ್ದ ಬಹಳ ಚೆನ್ನಾಗಿತ್ತು. ದೃಶ್ಯದ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಬಹುಪಾಲು ನನ್ನ ಬೆರಳುಗಳನ್ನೇ ನೋಡಿದೆ. ದೊಡ್ಡ ಬಂಗಲೆ, ಅದರ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು, ಮೇಲೆ ಯಾರಾದರೂ ನಡೆದರೆ ಕೆಳಗಿನಿಂದ ಉಗುರಿನಲ್ಲಿ ಕಲ್ಲು ಕೆರೆಯುತ್ತಾಳೆ. ಅವಳು ಮೊದಲ ಸಲ ಕೆರೆದಾಗ ನಾನು ಪಕ್ಕದವನ ತೊಡೆಯ ಮೇಲಿದ್ದೆ. ಅವನು ಸಜ್ಜನ. "ಕೂರ್ಚೋಂಡಿ, ಕೂರ್ಚೋಂಡಿ" ಎಂದು ನನ್ನನ್ನು ಎತ್ತಿ ನನ್ನ ಕುರ್ಚಿಯಲ್ಲೇ ಇಟ್ಟ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಹ್ಯಾಂಗಿತ್ತು?"

"ಏನಿಲ್ಲ. ನಗಿ ಬಂತು."

"ಮತ್ತ ಕೈಕಾಲು ತೊಳಕೊಳ್ಳಾಕ ನನ್ನ ಯಾಕ ಹಿತ್ತಲಕ ಕರಕೊಂಡು ಹೊಂಟೀರಿ?"

ಕಲಾವಿದನಿಗೆ ಉತ್ತರ ಕೊಡಲು ಸಮಯವಿರಲಿಲ್ಲ. ಕತೆಯನ್ನು ಕಟ್ಟಬೇಕಿತ್ತು. ಬಂಗಲೆಯ ನೆಲಮಾಳಿಗೆ ಕುಷ್ಟಗಿಗೆ ಎಲ್ಲಿಂದ ಬರಬೇಕು? ಆದರೆ ನಮ್ಮ ಮನೆಯಲ್ಲಿ ಹಗೇವು ಇತ್ತಲ್ಲ! ಹಿಂದಿನ ಕಾಲದವರು ಜೋಳ ತುಂಬಿಡಲು ನೆಲದೊಳಗೆ ತೋಡಿಸಿದ ಕಣಜ ಅದು. ಬಾಯಿ ಒಳಕೋಣೆಯಲ್ಲಿ, ಹೊಟ್ಟೆ ನೇರ ಪಡಸಾಲೆಯ ಕೆಳಗೆ. ಈಗ ಅದರೊಳಗೆ ದ್ರಾಕ್ಷಾಯಿಣಿಯ ಹುಣಸೆಹಣ್ಣಿನ ಗಡಿಗೆಗಳಿವೆ. ಅವಳು ದಿನಾ ಏಣಿ ಇಟ್ಟು ಇಳಿಯುತ್ತಾಳೆ. ನಾನು ಇಳಿದವನಲ್ಲ. ಆ ಹಗೇವಿನೊಳಗೆ ಒಬ್ಬ ಮುದುಕಿಯನ್ನು ಕೂರಿಸಿದೆ. ಜೋಳ ತರಲು ಇಳಿದವಳು, ಯಾರೋ ತಿಳಿಯದೆ ಮೇಲೆ ಬಂಡೆ ಮುಚ್ಚಿದರು, ಅಲ್ಲೇ ಉಳಿದಳು. ಹೆಸರು ಜ್ವಾಳದವ್ವ! ಹೆಸರಿಟ್ಟ ಕೂಡಲೇ ನನಗೇ ಬೆನ್ನಲ್ಲಿ ತಣ್ಣಗಾಯಿತು. ಇದು ನಡೆಯುತ್ತದೆ ಅಂದುಕೊಂಡೆ.

ಆ ಭಾನುವಾರ ಮಧ್ಯಾಹ್ನ ಹೈದರಸಾಬರು ಬಂದರು. ಜೊತೆಗೆ ಹೆಂಡತಿ ಫಾತಿಮಾಬೀ, ಮತ್ತೆ ತಾಯಿ ಜೋಹರಾಬಿ. ಜೋಹರಾಬಿಗೆ ಕಣ್ಣು ಅಷ್ಟಕ್ಕಷ್ಟೆ, ಕೈಹಿಡಿದು ತಂದು ಪಡಸಾಲೆಯ ಚಾಪೆಯ ಮೇಲೆ ಕೂರಿಸಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಆಜ್ಞೆ ಬಂತು. "ಹಾಲಿಲ್ಲ, ತರ್ರಿ!"

ಹಾಲು ತಂದು ಕೊಟ್ಟು ಬಂದಾಗ ಪಡಸಾಲೆಯಲ್ಲಿ ಜೋಹರಾಬಿ ಒಬ್ಬರೇ ಇದ್ದರು. ಅಡುಗೆಮನೆಯಿಂದ ಇಬ್ಬರು ಹೆಂಗಸರ ಮಾತು, ಬಳೆಯ ಸದ್ದು ಕೇಳುತ್ತಿತ್ತು.

"ಸಾಹೇಬ್ರು ಎಲ್ಲಿ ಅದಾರವ್ವಾ?"

"ಮನಿ ನೋಡಾಕತ್ಯಾನಪಾ."

ಮಾಳಿಗೆ ಹತ್ತಿದ್ದಾರೆ ಎಂದುಕೊಂಡೆ. ಇರಲಿ, ಮೊದಲು ತಾಯಿಯನ್ನು ಹೆದರಿಸಿದರೆ ಮಗ ತಾನಾಗಿ ಎದ್ದು ಹೋಗುತ್ತಾನೆ! ಚಾಪೆಯ ತುದಿಗೆ ಕೂತೆ.

"ಮೊನ್ನಿ ಒಂದು ಸಿನಿಮಾ ನೋಡಿದೆ ನೋಡವ್ವಾ. ಇಂಥಾದ ಒಂದು ಮನಿ ಇತ್ತು."

"ಹೂಂ!" ಎಂದರು ಜೋಹರಾಬಿ. ಮುಖ ಅರಳಿತು. ಕಿನ್ನಾಳದ ಕಡೆ ಕತೆ ಕೇಳುತ್ತಲೇ ಬೆಳೆದವರಂತೆ ಅವರು, ಹೂಂ ಹಾಕುವ ರೀತಿ ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

"ಇಂಥಾದ ಪಡಸಾಲಿ. ಕೆಳಗ ಇಂಥಾದ ಹಗೇವು."

"ಹೂಂ. ಹಗೇವಿನ ಜ್ವಾಳದ ರೊಟ್ಟಿ ಭಾಳ ರುಚಿಯಪಾ."

"ರೊಟ್ಟಿ ಬಿಡವ್ವಾ. ಆ ಹಗೇವಿನ್ಯಾಗ ಜ್ವಾಳದವ್ವ ಅಂತ ಒಬ್ಬಾಕಿ..."

"ಹೂಂ..." ದನಿ ಸ್ವಲ್ಪ ಇಳಿಯಿತು. ಹೆದರಿದರು! ನಾನು ಉಬ್ಬಿದೆ. ಕಣ್ಣು ಮುಚ್ಚಿ, ಕೈ ಆಡಿಸಿ, ದನಿ ತಗ್ಗಿಸಿ ಹೇಳುತ್ತಾ ಹೋದೆ. ಬಂಡೆ ಮುಚ್ಚಿದ್ದು, ಕೂಗಿದ್ದು, ಯಾರಿಗೂ ಕೇಳಿಸದೆ ಹೋದದ್ದು. ಹೂಂ, ಹೂಂ ಎಂದು ಬರುತ್ತಲೇ ಇತ್ತು. "ಈಗೂ ಮ್ಯಾಲೆ ಯಾರರ ಕುಂತ್ರ ಆಕಿ ಕೆಳಗಿಂದ ಉಗುರಿಲೆ ಕೆರೀತಾಳ..."

ಕರ್... ಕರ್...

ನಾನು ಕಣ್ಣು ತೆರೆದೆ. ಜೋಹರಾಬಿ ಗೋಡೆಗೆ ತಲೆಯಾನಿಸಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

"ಹೂಂ," ಎಂದಿತು ನೆಲ.

ಓದುಗರೇ, ನನ್ನ ಕೂದಲು ಒಂದೊಂದಾಗಿ ಎದ್ದು ನಿಂತು ನನಗೇ ನಮಸ್ಕಾರ ಹೇಳಿದವು! ಅಡುಗೆಮನೆಯಲ್ಲಿ ಬಳೆ ಸದ್ದು ಇದೆ. ಮುದುಕಿ ನಿದ್ದೆಯಲ್ಲಿದ್ದಾರೆ. ಹೂಂ ಬಂದದ್ದು ಚಾಪೆಯ ಕೆಳಗಿನಿಂದ. ಗಂಡೋ ಹೆಣ್ಣೋ ತಿಳಿಯದ, ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದಂಥ ದನಿ.

ಏಳಬೇಕೆಂದರೆ ಕಾಲು ಇರಲಿಲ್ಲ. ಸುಮ್ಮನೆ ಕೂತೆ. ನೆಲ ಸುಮ್ಮನೆ ಕೂರಲಿಲ್ಲ.

"ಮುಂದ?"

ಅಜ್ಜಿಯ ಕಟ್ಟಳೆ! ಹೂಂ ಬರುತ್ತಿರುವಾಗ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಮನುಷ್ಯರೇ ಸಿಟ್ಟಾಗುತ್ತಾರೆ, ಇನ್ನು ಇವಳು? ನಡುಗುವ ದನಿಯಲ್ಲಿ ಕತೆಯನ್ನು ಬೇರೆ ದಾರಿಗೆ ತಿರುಗಿಸಿದೆ.

"ಜ್ವಾಳದವ್ವ... ಭಾಳ ಛಲೋ ಹೆಣ್ಣುಮಗಳು. ದೇವರಂಥಾಕಿ. ಯಾರಿಗೂ ಏನೂ ಮಾಡಂಗಿಲ್ಲ. ಅದರಾಗೂ ಆ ಮನ್ಯಾಗ ಬಾಡಗಿ ಇದ್ದ ಬಡಪಾಯಿನ್ನಂತೂ ಮುಟ್ಟಂಗೇ ಇಲ್ಲ!"

ಕೆಳಗಿನಿಂದ ದನಿ ಬಂತು. "ಅದು ಖರೆ ಅನಸವಲ್ದು. ಇಲ್ಲೆ ಕತಿ ಸಡ್ಲ ಆತು ನೋಡ್ರಿ."

ಜೀವಮಾನದಲ್ಲಿ ಎಷ್ಟೋ ಸಿನಿಮಾಗಳನ್ನು ಕಟ್ಟೆಯ ಮೇಲೆ ಕೂತು ಹರಿದು ಹಾಕಿದ್ದೇನೆ. ನನ್ನದನ್ನು ಹರಿದು ಹಾಕಲು ಪಾತಾಳದಿಂದ ವಿಮರ್ಶಕಿ ಬಂದಿದ್ದಳು!

"ಹಂಗಾರ... ಏ... ಏನು ಮಾಡಬೇಕ್ರಿ?"

"ಆಕಿ ಮ್ಯಾಲೆ ಬರಬೇಕು."

"ಬ್ಯಾಡ್ರೀ!"

"ತಡೀರಿ, ಸರಿ ಕೇಳಸವಲ್ದು. ನಾನ ಮ್ಯಾಲೆ ಬರ್ತೀನಿ."

ಇಲ್ಲದ ಕಾಲುಗಳು ಎಲ್ಲಿಂದ ಬಂದವೋ! ಜೋಹರಾಬಿಯನ್ನು ದಾಟಿ, ಹೊಸ್ತಿಲನ್ನು ದಾಟಿ, ಕಟ್ಟೆಯನ್ನು ದಾಟಿ, ಅಂದಪ್ಪನ ಹೋಟೆಲಿನ ಭಜಿಯ ಬುಟ್ಟಿಯನ್ನು ದಾಟಲಾಗದೆ ಅದರಲ್ಲೇ ಬಿದ್ದೆ. "ಜ್ವಾಳದವ್ವ ಬಂದಳೋ!" ಎಂದು ನಾನು ಕೂಗಿದ್ದು ಬಸ್‌ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ಓಣಿಯ ಮಂದಿಯೆಲ್ಲ ಬಡಿಗೆ, ಪೊರಕೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಸರಿಯಾಗಿ ಆಗಲೇ ಒಳಗಿನಿಂದ ತಲೆಯಿಂದ ಕಾಲಿನವರೆಗೆ ಬೂದಿಯಂತೆ ಬೆಳ್ಳಗಿನ ಒಂದು ಆಕಾರ ಬಾಗಿಲಿಗೆ ಬಂದು ನಿಂತು ಸೀನಿತು. ಬಡಿಗೆಗಳು ಅಲ್ಲೇ ಉಳಿದವು, ಮಂದಿ ಉಳಿಯಲಿಲ್ಲ.

ಅದು ಹೈದರಸಾಬರು! ನಾನು ಹಾಲಿಗೆ ಹೋದಾಗ ದ್ರಾಕ್ಷಾಯಿಣಿಯೇ ಏಣಿ ಹಾಕಿ ಅವರನ್ನು ಹಗೇವು ನೋಡಲು ಇಳಿಸಿದ್ದಳು. ಕೆಳಗೆ ಗೋಡೆಯ ತಂಪು ನೋಡುತ್ತಿದ್ದ ಮನುಷ್ಯನ ಕಿವಿಗೆ ಕತೆ ಬಿತ್ತು. ತಾಯಿಯ ಹೂಂ ನಿಂತದ್ದೂ ಗೊತ್ತಾಯಿತು. ಕತೆ ನಿಂತೀತೆಂದು ತಾವೇ ಹೂಂ ಹಾಕಿದರು.

"ಹಗೇವು ಒಣಾ ಐತಿ, ಮನಿ ಗಟ್ಟಿ ಐತಿ," ಎಂದರು ಮೈಗೆ ಮೆತ್ತಿದ ಹಗೇವಿನ ಗೋಡೆಯ ಸುಣ್ಣದ ಧೂಳು ಕೊಡವಿಕೊಳ್ಳುತ್ತಾ. "ಕತಿ ಮಾತ್ರ ಕಡೀಕ ಸಡ್ಲ ಬಿದ್ದೋತ್ರಿ."

ಗದ್ದಲಕ್ಕೆ ಎಚ್ಚರಗೊಂಡ ಜೋಹರಾಬಿ, "ಯಾಕ ನಿಂದರ್ಸಿದ್ಯಪಾ?" ಎಂದರು.

ಚಹಾ ಕುಡಿಯುವಾಗ ಫಾತಿಮಾಬೀ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು. "ಅಣ್ಣಾರ, ಮನಿ ತಗೊಂಡ ಮ್ಯಾಲೂ ನೀವು ಬಿಡಬ್ಯಾಡ್ರಿ. ನಮಗ ಹಿಂದಿನ ಕೋಣಿ ಸಾಕು. ಅಮ್ಮಾಗ ಟಿ.ವಿ. ಕಾಣಂಗಿಲ್ಲ, ಹೊತ್ತು ಹೋಗಂಗಿಲ್ಲ. ಇಲ್ಲೆ ಸಿನಿಮಾ ಹೇಳೋರು ಅದಾರಂತ ಯಾರೋ ಅಂದ್ರು. ಅದಕ್ಕ ಇದ ಮನಿ ಬೇಕು ಅಂತ ಹಟ ಹಿಡದಾರ."

ದ್ರಾಕ್ಷಾಯಿಣಿ ನನ್ನತ್ತ ನೋಡಿದಳು. ಆ ನೋಟದಲ್ಲಿ ಇಡೀ ಓಣಿಗೆ ಸಾಕಾಗುವಷ್ಟು ಬೆಂಕಿಯಿತ್ತು. ನಾನು ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಮನೆ ಉಳಿಯುತ್ತಿತ್ತು, ನಳ ಉಳಿಯುತ್ತಿತ್ತು, ಕಟ್ಟೆಯೂ ಉಳಿಯುತ್ತಿತ್ತು! ಆದರೂ ಏನೀಗ? ಎಲ್ಲವೂ ಉಳಿಯಿತಲ್ಲ. ಹಲ್ಲು ಕಿರಿದು, "ಆತ್ರಿ, ಆತ್ರಿ" ಎಂದೆ. ಧೈರ್ಯ ಮರಳಿ ಬಂದಿತ್ತು. "ಹೂಂ ಅಂದಿದ್ದಕ್ಕ ಅಲ್ಲ ಸಾಹೇಬ್ರ, ನೀವು ಉಗುರಿಲೆ ಕೆರದ್ರಿ ನೋಡ್ರಿ, ಅಲ್ಲಿ ಸ್ವಲ್ಪ ಅಂಜಿಕಿ ಆತು" ಎಂದು ನಕ್ಕೆ.

"ನಾ ಎಲ್ಲಿ ಕೆರದೆ?" ಎಂದರು ಹೈದರಸಾಬರು. "ನಾ ಏಣಿ ಮ್ಯಾಲೆ ಸುಮ್ಮನ ಕುಂತು ಕೇಳಾಕತ್ತಿದ್ದೆ. ನಾನೂ ಕೇಳೀನಿ ಆ ಸಪ್ಪಳ. ನೀವ ಮಾಡಾಕತ್ತೀರಿ ಅಂದ್ಕೊಂಡೆ. ಭಾಳ ಛಲೋ ಮಾಡಿದ್ರಿ ಅದನ್ನ."

ನಾನು ಲೋಟ ಅಲ್ಲೇ ಬಿಟ್ಟು ಚಾಪೆಯಿಂದ ಹೊಸ್ತಿಲಿಗೆ ಸರಿದು ಕೂತೆ.

"ಇಲಿ," ಎಂದಳು ದ್ರಾಕ್ಷಾಯಿಣಿ.

ಇಲಿಯೇ ಇರಬೇಕು. ಆದರೆ ಇಲಿ ಸರಿಯಾಗಿ ಕತೆಯ ಆ ಜಾಗಕ್ಕೇ ಯಾಕೆ ಕೆರೆಯಬೇಕು? ಇಲಿಗೆ ತೆಲುಗು ಸಿನಿಮಾ ಹೇಗೆ ಗೊತ್ತು? ಈ ಪ್ರಶ್ನೆಗಳಿಗೆ ನನ್ನ ತಲೆ ಉತ್ತರ ಕೊಟ್ಟಿತು, ಕಾಲು ಒಪ್ಪಲಿಲ್ಲ. ಅಂದಿನಿಂದ ಪಡಸಾಲೆಯನ್ನು ಗೋಡೆಗೆ ಬೆನ್ನು ಹಚ್ಚಿ ಏಡಿಯಂತೆ ದಾಟತೊಡಗಿದೆ. ನೀರು ಕುಡಿಯಲು ಹೋಗಬೇಕಾದರೆ ಹೆಂಡತಿಯ ಸೆರಗಿನ ತುದಿ ಕೈಯಲ್ಲಿರಬೇಕು. ಕತೆ ಹೇಳಲು ಕೂತರೆ, ಯಾರಾದರೂ ಹೂಂ ಅಂದ ಕೂಡಲೇ "ಯಾರು ಅಂದವ್ರು? ಕೈ ಎತ್ರಿ!" ಎಂದು ಚೀರುತ್ತಿದ್ದೆ. ಹೈದರಸಾಬರು ಮನೆ ಕೊಂಡು ಹಿಂದಿನ ಕೋಣೆಗೆ ಬಂದು ಇಳಿಯುವಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು.

ಕಡೆಗೆ ನಾನೇ ಹೇಳಿದೆ. "ಬ್ಯಾರೆ ಮನಿ ನೋಡೂಣು."

ದ್ರಾಕ್ಷಾಯಿಣಿ ಸೌಟನ್ನು ಕೆಳಗಿಟ್ಟಳು. "ಮನಿ ಕೊಂಡವ್ರು ಇರ್ರಿ ಅಂತಾರ. ಅವರ ಅವ್ವಾರೂ ಇರ್ರಿ ಅಂತಾರ. ನಮ್ಮನ್ನ ಬಿಡಸಾಕತ್ತಾಕಿ ಯಾರಂದ್ರ, ನೀವ ಹುಟ್ಟಿಸಿದ ಮುದುಕಿ!"

ಬಸ್‌ ಸ್ಟ್ಯಾಂಡಿನ ಹತ್ತಿರ ಒಂದು ಹೊಸ ಮನೆ ಸಿಕ್ಕಿತು. ಕಟ್ಟೆಯಿಲ್ಲ, ಬೇವಿಲ್ಲ, ನಳ ಬೀದಿಯ ಆ ತುದಿಗೆ. ನಾನು ಮಾಲೀಕನಿಗೆ ಕೇಳಿದ್ದು ಒಂದೇ.

"ನೆಲದ ಕೆಳಗ ಏನೈತ್ರಿ?"

"ಮಣ್ಣು."

"ಬರೇ ಮಣ್ಣ?"

"ಮತ್ತೇನು ಬಂಗಾರ ಹುಗದಿರ್ತಾರೇನು?"

ಆಯಿತೆಂದೆ.

ಸಾಮಾನು ಹೇರಿದ ದಿನ ಗಾಡಿ ಹೊರಗೆ ನಿಂತಿತ್ತು. ದ್ರಾಕ್ಷಾಯಿಣಿ ಗಾಡಿಯಲ್ಲಿ ಮುಖ ತಿರುಗಿಸಿ ಕೂತು, "ಹಿರೇರದಾರ, ಒಂದು ಮಾತು ಹೇಳಿ ಬರ್ರಿ" ಎಂದಳು. ಜೋಹರಾಬಿ ಪಡಸಾಲೆಯ ಆ ಮೂಲೆಯಲ್ಲಿ ಕೂತಿದ್ದರು. ಚಾಪೆ, ಪೆಟ್ಟಿಗೆ ಎಲ್ಲ ತೆಗೆದ ಪಡಸಾಲೆ ಬರಿದಾಗಿತ್ತು. ಹೆಜ್ಜೆ ಇಟ್ಟರೆ ಕೆಳಗೆ ಇನ್ನೊಂದು ಹೆಜ್ಜೆ ಕೇಳುತ್ತಿತ್ತು. ಹೇಗೋ ಹೋಗಿ ಕಾಲು ಮುಟ್ಟಿದೆ. ತಿರುಗಿ ಬರುವಾಗ ನಡುಮಧ್ಯದಲ್ಲಿ ನಿಂತುಬಿಟ್ಟೆ. ಮುಂದಕ್ಕೂ ಆಗದು, ಹಿಂದಕ್ಕೂ ಆಗದು.

ಗೋಡೆ ಹಿಡಿದು ಎದ್ದು, ತಡವರಿಸುತ್ತಾ ಬಂದು, ಆ ತಾಯಿ ನನ್ನ ಕೈ ಹಿಡಿದರು. ಯಾರನ್ನು ಹೆದರಿಸಿ ಓಡಿಸಬೇಕೆಂದು ನಾನು ಗಂಗಾವತಿಗೆ ಹೋಗಿದ್ದೆನೋ ಅವರೇ, ಕಣ್ಣು ಕಾಣದವರು, ನನ್ನನ್ನು ಮಗುವಿನಂತೆ ನಡೆಸಿಕೊಂಡು ಬಾಗಿಲಿಗೆ ತಂದರು.

"ಅಂಜಬ್ಯಾಡಪಾ. ಹೊಸಲು ಬಂತು, ದಾಟು."

ದಾಟಿದೆ. ಬಿಸಿಲು ಮುಖಕ್ಕೆ ಬಿತ್ತು.

"ಕೆಳಗಿನಾಕಿನ್ನ ಏನು ಮಾಡ್ತೀರವ್ವಾ?" ಎಂದೆ, ಹಿಂದಕ್ಕೆ ನೋಡದೆ.

"ಇರ್ಲಿ ಬಿಡು," ಎಂದರು ಜೋಹರಾಬಿ, ಬಾಗಿಲು ಮುಂದೆ ಮಾಡುತ್ತಾ. "ಕತಿ ಹೇಳಾಂವ ಹೊಂಟಿ. ಹೂಂ ಅನ್ನಾಕಿನೂ ಹೋದ್ರ ನಾ ಒಬ್ಬಾಕೀನ ಏನು ಮಾಡ್ಲಿ?"