ಅತ್ತೆಯ ರೇಷ್ಮೆ ಸೀರೆ ಮತ್ತು ಕುದುರೆ ಲಾಯ

ಆ ಬುಧವಾರ ಬೆಳಗ್ಗೆ ನಮ್ಮ ಸೋದರತ್ತೆ ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟು, ಹಳೆಯ ದನದ ಕೊಟ್ಟಿಗೆಯ ಗೋಡೆಗೆ ಮೈ ಉಜ್ಜುತ್ತಿದ್ದಳು. ಥೇಟ್ ಎಮ್ಮೆಯಂತೆ! ನಮ್ಮ ಮನೆಯಲ್ಲಿ ಅದನ್ನು ಯಾರೂ ವಿಶೇಷವೆಂದು ತಿಳಿಯಲಿಲ್ಲ. ಅದು ನಮಗೆ ಮಾಮೂಲಿ ದಿನ. ಕೊನೆಯ ಮಾಮೂಲಿ ದಿನವೆಂದು ಆಗ ಗೊತ್ತಿರಲಿಲ್ಲ.

"ಮೊಳೆ ಹುಡುಕೋಕೆ ಕಣ್ಣು ಸಾಲ್ದಾ ಚೇಚಿ?" ಎಂದ ಆಚಾರಿ. ಸುಂಟಿಕೊಪ್ಪದಿಂದ ಮರಗೆಲಸಕ್ಕೆ ಬರುತ್ತಿದ್ದ ಮಲಯಾಳಿ ಅವನು; ಅತ್ತೆ ಅವನಿಗೆ ಚೇಚಿ, ಅಂದರೆ ಅಕ್ಕ.

"ಕಣ್ಣಿಗೆ ಕಾಣೋ ಮೊಳೆ ನೀನೇ ಕೀಳ್ತೀಯಪ್ಪ. ಕುದುರೆ ಚರ್ಮಕ್ಕೆ ಸಿಗೋದು ಬೇಕು ನಂಗೆ."

ಎಲ್ಲಿ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತಿತ್ತೋ ಅಲ್ಲಿ ಸೀಮೆಸುಣ್ಣದ ಗುರುತು. ಅದು ಮೂರನೆಯ ಸುತ್ತು. ಮೊದಲ ಸುತ್ತಿನಲ್ಲಿ ಗೋಡೆಗೆ ಸಿಡುಬು ಎದ್ದಂತಾಗಿತ್ತು. ಸೀರೆಯ ಗತಿ ಕೇಳಲೇಬೇಡಿ!

ಇಷ್ಟೆಲ್ಲ ಯಾರಿಗಾಗಿ? ಪ್ರವಾಸಿಗರನ್ನು ಹೊತ್ತು ಹೊತ್ತು ಮುದಿಯಾದ ಎರಡು ಕುದುರೆಗಳಿಗಾಗಿ. "ಭಾನುವಾರದೊಳಗೆ ಜಾಗ ಆದ್ರೆ ನಿಮಗೆ. ಇಲ್ದಿದ್ರೆ ಲಾರಿ ಹತ್ತಿಸ್ತೀನಿ" ಎಂದಿದ್ದ ಅವುಗಳ ಯಜಮಾನ. ಲಾರಿ ಎಲ್ಲಿಗೆ ಹೋಗುತ್ತದೆಂದು ಅವನು ಹೇಳಲಿಲ್ಲ, ಅತ್ತೆ ಕೇಳಲಿಲ್ಲ. ಕುದುರೆ ಹತ್ತುವುದಿರಲಿ, ಅತ್ತೆ ಸ್ಕೂಟರಿನ ಹಿಂದೆ ಕೂರಲೂ ಹೆದರುವವಳು!

ತೊಲೆ ಎಷ್ಟು ಎತ್ತರವಿರಬೇಕೆಂಬ ಪ್ರಶ್ನೆ ಬಂದಾಗ ಅತ್ತೆ ನನಗೆ ಹೆಲ್ಮೆಟ್ ಹಾಕಿಸಿ ಅದರಡಿ ನಿಲ್ಲಿಸಿದಳು. ಯಾಕೆಂದು ಕೇಳುವಷ್ಟರಲ್ಲಿ ಹಿಂದಿನಿಂದ ಕಿರುಚಿದಳು: "ಅಯ್ಯೋ, ಆನೆ!"

ನಮ್ಮ ಕಡೆ ಆ ಮಾತಿಗೆ ಯಾರೂ ತಿರುಗಿ ನೋಡುತ್ತ ನಿಲ್ಲುವುದಿಲ್ಲ. ನಾನು ಹಾರಿದ ಹಾರಾಟಕ್ಕೆ ಹೆಲ್ಮೆಟ್ ತೊಲೆಗೆ ಬಡಿದು ಢಣ್ ಎಂದಿತು!

"ಆಚಾರಿ, ತೊಲೆ ಎರಡಡಿ ಮೇಲಕ್ಕೆ ಹೋಗ್ಲಿ. ಕುದುರೆ ಇವನಷ್ಟು ಪುಕ್ಕಲು ಇರಲ್ಲ, ಆದ್ರೂ ಇರ್ಲಿ."

ಬಾಗಿಲ ಕಂಬದಲ್ಲಿ ಮಾತ್ರ ಒಂದು ಮೊಳೆ ಉಳಿಸಿಕೊಂಡಿದ್ದಳು. ತನ್ನ ಬಿಸಿಲು ಟೋಪಿಗೆ! ತುದಿಗಾಲಲ್ಲಿ ನಿಂತು ಸಿಕ್ಕಿಸುತ್ತಿದ್ದಳು. "ಇಷ್ಟೆತ್ತರ ಯಾವ್ ಕುದುರೆಗೂ ನಿಲುಕಲ್ಲ ಬಿಡೋ" ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಗುರುವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ.

ಮನೆ ತುಂಬ ನೆಂಟರು. "ಕುದುರೆ ಬೇಡ ಅಂತ ಫೋನ್ ಮಾಡಿಬಿಡೋ, ಸೂತಕದ ಮನೆ" ಎಂದರು ದೊಡ್ಡಪ್ಪ. "ಭಾನುವಾರ ಬರ್ತವೆ ದೊಡ್ಡಪ್ಪ" ಎಂದೆ. ಅವರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಶನಿವಾರ ಕೊಟ್ಟಿಗೆಗೆ ಹೋದೆ. ಬಾಗಿಲಿಗೆ ಹೊಸ ಅಗಣಿ ಕೂತಿತ್ತು, ನೀರಿನ ತೊಟ್ಟಿಯ ಅಂಚು ನುಣುಪಾಗಿತ್ತು. ಬುಧವಾರದ ಸುತ್ತು ಅರ್ಧಕ್ಕೆ ನಿಂತಿತ್ತು. ಹಗ್ಗದ ಮೇಲೆ ಆ ಸೀರೆ ಹಾಗೇ ಇತ್ತು. ಬಾಗಿಲು ಮುಂದೆ ಮಾಡಿ, ಪ್ಯಾಂಟಿನ ಮೇಲೆಯೇ ಸುತ್ತಿಕೊಂಡೆ. ಸೆರಗನ್ನು ತಲೆಗೆ ಹೊದ್ದೆ. ಗೋಡೆಗೆ ಮೈ ಕೊಟ್ಟು ನಡೆದೆ. ಆಗಲೇ ಆಚಾರಿ ಒಳಗೆ ಬರಬೇಕೇ!

ಅವನು ನಗಲಿಲ್ಲ. "ನೆರಿಗೆ ಬಿಚ್ಚಿ ಹೋಗ್ತಿದೆ ಅಣ್ಣಾ" ಎಂದು ಸೀಮೆಸುಣ್ಣ ಹುಡುಕಿಕೊಂಡು ಬಂದ.

ಮೂರು ಗೋಡೆ ಸಲೀಸಾಗಿ ಮುಗಿಯಿತು. ಬಾಗಿಲ ಹತ್ತಿರ ತಲೆಯ ಮೇಲಿನ ಸೆರಗು ಚರ್ರೆಂದು ಹರಿಯಿತು. ಟೋಪಿಯ ಮೊಳೆ! ಅತ್ತೆಯ ಎತ್ತರ ಐದಡಿಗೂ ಕಮ್ಮಿ. ಅವಳ ಸೀರೆ ಅಲ್ಲಿಗೆ ಮುಟ್ಟಿಯೇ ಇರಲಿಲ್ಲ. ಆಚಾರಿ ಅಳತೆ ಹಿಡಿದ.

"ಕುದುರೆ ಕಣ್ಣಿನ ಮಟ್ಟಕ್ಕೇ ಇದೆ ಅಣ್ಣಾ" ಎಂದ ಮೆತ್ತಗೆ. "ಕೀಳ್ಲಾ?"

ಅತ್ತೆ ಇದ್ದಿದ್ದರೆ ನಮ್ಮಿಬ್ಬರನ್ನೂ ಬೈದು, ಆಮೇಲೆ ತಾನೇ ಕೀಳುತ್ತಿದ್ದಳು. ಟೋಪಿ ತೆಗೆದುಕೊಂಡೆ. ಮೊಳೆಯನ್ನು ನಾನೇ ಕಿತ್ತೆ.

ಭಾನುವಾರ ಕುದುರೆಗಳು ಬಂದವು. ಹೆಣ್ಣು ಕುದುರೆ ಒಳಗೆ ಕಾಲಿಟ್ಟದ್ದೇ ಆ ಕಂಬಕ್ಕೆ ಕೆನ್ನೆ ಕೊಟ್ಟು, ಕಣ್ಣು ಮುಚ್ಚಿ, ಹಾಯಾಗಿ ಉಜ್ಜಿಕೊಂಡಿತು. ಏನೂ ತಾಗಲಿಲ್ಲ.

ಟೋಪಿ ನನ್ನ ಕೈಯಲ್ಲೇ ಇತ್ತು. ಲಾಯದಲ್ಲಿ ಈಗ ಒಂದು ಮೊಳೆಯೂ ಇಲ್ಲ. ಅತ್ತೆ ಇಲ್ಲ.